ಗೋಕರ್ಣದ ಗುಡ್ಡ–ಕಡಲ ಸುತ್ತು: ಎಲ್ಲಿ ಹತ್ತಬೇಕು, ಎಲ್ಲಿ ಇಳೀಬೇಕು, ಎಷ್ಟೊತ್ತಿಗೆ ವಾಪಸ್ ಆಗಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ಗೋಕರ್ಣ: ಮಳೆಗಾಲ ಮುಗಿದು ಅಕ್ಟೋಬರ್ ಕಾಲಿಟ್ಟರೆ ಸಾಕು, ರಥಬೀದಿಯ ಅಂಗಡಿಗಳಲ್ಲಿ ಒಂದೇ ಪ್ರಶ್ನೆ. ‘ಅಂಕಲ್, ಪ್ಯಾರಡೈಸ್ ಬೀಚಿಗೆ ದಾರಿ ಯಾವುದು? ನಡೆದು ಹೋಗಬಹುದಾ?’ ಹೆಚ್ಚಿನ ಕಡೆ ಸಿಗುವ ಉತ್ತರವೂ ಒಂದೇ. ‘ಇಲ್ಲೇ ಹತ್ರ, ಹೋಗ್ತಾ ಇರಿ, ಹತ್ತೇ ನಿಮಿಷ.’

ಈ ‘ಹತ್ತೇ ನಿಮಿಷ’ ನಂಬಿ ಸಂಜೆ ನಾಲ್ಕೂವರೆಗೆ ಚಪ್ಪಲಿ ಹಾಕಿಕೊಂಡು, ಅರ್ಧ ಬಾಟಲಿ ನೀರು ಹಿಡಿದು ಹೊರಟವರು ಕತ್ತಲಾಗುವಾಗ ಗುಡ್ಡದ ನಡುವೆ ಸಿಕ್ಕಿಬೀಳುತ್ತಾರೆ. ದಾರಿ ಕಷ್ಟದ್ದೇನಲ್ಲ. ಸುಮಾರಾಗಿ ನಡೆದು ರೂಢಿ ಇದ್ದ ಯಾರು ಬೇಕಾದರೂ ಮುಗಿಸಬಹುದಾದ, ಮಧ್ಯಮ ದರ್ಜೆಯ ಸುತ್ತು ಇದು. ಇಲ್ಲಿ ತೊಂದರೆ ಆಗೋದು ಹೆಚ್ಚಾಗಿ ಮೂರು ಕಾರಣಕ್ಕೆ: ತಡವಾಗಿ ಹೊರಡೋದು, ಗುಡ್ಡದ ದಾರಿ ಬಿಟ್ಟು ನೀರಂಚಿನ ಬಂಡೆ ಹಿಡಿಯೋದು, ಮಳೆಗಾಲದಲ್ಲಿ ಹೋಗೋದು. ಹೊರಗಿನಿಂದ ಬರುವವರಿಗೆ ಇದು ಗೊತ್ತಿರೋದಿಲ್ಲ. ಹೇಳಬೇಕಾದವರು ಊರಿನವರೇ. ಹಾಗಾಗಿ ನಡೆಯುವವರಿಗೂ, ದಾರಿ ಹೇಳುವ ಅಂಗಡಿ–ಆಟೋದವರಿಗೂ ಅನುಕೂಲ ಆಗುವಂತೆ ಪೂರ್ತಿ ವಿವರ ಇಲ್ಲಿದೆ.

ಜಾಗ ಎಂಥದ್ದು?

ಕುಮಟಾ ತಾಲೂಕಿನ ಗೋಕರ್ಣಕ್ಕೆ ಉತ್ತರದಲ್ಲಿ ಗಂಗಾವಳಿ, ದಕ್ಷಿಣದಲ್ಲಿ ಅಘನಾಶಿನಿ ನದಿ. ಎರಡು ಅಳಿವೆಗಳ ನಡುವೆ, ಊರಿನ ದಕ್ಷಿಣಕ್ಕೆ, ಗುಡ್ಡದ ಸಾಲು ಸೀದಾ ಸಮುದ್ರಕ್ಕೆ ಬಂದು ನಿಲ್ಲುತ್ತದೆ. ಮೇಲೆ ಚಪ್ಪಟೆ ನೆತ್ತಿ, ಕೆಂಪು ಜಂಬಿಟ್ಟಿಗೆ ಕಲ್ಲು, ಅಲ್ಲಲ್ಲಿ ಗೇರು, ಅಕೇಶಿಯಾ, ಕವಳಿ ಮಟ್ಟಿ. ಕೆಳಗೆ ಅಲೆ ಬಡಿಯುವ ಗಟ್ಟಿ ಕಪ್ಪು ಬಂಡೆ.

ಜಂಬಿಟ್ಟಿಗೆ ತೂತು ತೂತಾದ ಕಲ್ಲು. ಮಳೆಗಾಲದಲ್ಲಿ ನೀರು ಇಂಗಿ, ಹಳ್ಳವಾಗಿ ಹರಿದು, ಗುಡ್ಡವನ್ನು ಸಮುದ್ರದ ಕಡೆಗೆ ಸೀಳುತ್ತಾ ಬಂದಿದೆ. ಹೀಗೆ ಆದ ಕೊರಕಲುಗಳು ಕಡಲಿಗೆ ತೆರೆದುಕೊಳ್ಳುವ ಕಡೆ ಮರಳು ಸೇರಿ ಸಣ್ಣ ಸಣ್ಣ ಬೀಚ್ ಆಗಿವೆ. ಗಟ್ಟಿಯಾಗಿ ಉಳಿದ ಭಾಗ ಮೂಗಿನ ಹಾಗೆ ನೀರಿಗೆ ಚಾಚಿಕೊಂಡಿದೆ. ಉತ್ತರದಿಂದ ದಕ್ಷಿಣಕ್ಕೆ ಲೆಕ್ಕ ಹಾಕಿದರೆ ಗೋಕರ್ಣ ಮುಖ್ಯ ಕಡಲತೀರ, ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಪ್ರತಿ ಎರಡು ಬೀಚಿನ ನಡುವೆ ಒಂದು ಗುಡ್ಡದ ಮೂಗು. ಅಂದರೆ ನಡೆಯುವವರ ಕೆಲಸ ಇಷ್ಟೇ: ಹತ್ತೋದು, ನೆತ್ತಿ ಮೇಲೆ ನಡೆಯೋದು, ಕೊರಕಲಿಗೆ ಇಳಿಯೋದು, ಮರಳು ದಾಟೋದು, ಮತ್ತೆ ಹತ್ತೋದು.

ಎತ್ತರ ದೊಡ್ಡದಲ್ಲ. ಆದರೆ ಒಂದೇ ಸಲ ಹತ್ತಿ ಮುಗಿಸುವ ಬೆಟ್ಟ ಇದಲ್ಲ. ನಾಲ್ಕು ಸಲ ಹತ್ತಿ ಇಳಿಯಬೇಕು. ಸೆಕೆ ಬೇರೆ. ಘಟ್ಟದ ಮೇಲಿನವರು ಲೆಕ್ಕ ತಪ್ಪೋದು ಇಲ್ಲೇ.

ಎರಡು ಸುತ್ತುಗಳಿವೆ

ಸಣ್ಣ ಸುತ್ತು: ರಥಬೀದಿ – ರಾಮತೀರ್ಥ – ಕುಡ್ಲೆ – ಓಂ ಬೀಚ್ – ಗುಡ್ಡದ ಮೇಲಿನ ಡಾಂಬರು ರಸ್ತೆಯಲ್ಲಿ ವಾಪಸ್ ಗೋಕರ್ಣ. ಅರ್ಧ ದಿನ ಸಾಕು. ಮಕ್ಕಳು, ವಯಸ್ಸಾದವರು ಇದ್ದರೆ ಇದೇ ಸರಿ. ಓಂ ಬೀಚ್ ಪಾರ್ಕಿಂಗ್‌ನಲ್ಲಿ ಆಟೋ ಸಿಗೋದರಿಂದ ಸುಸ್ತಾದರೆ ಅಲ್ಲಿಂದಲೇ ಹತ್ತಿಕೊಳ್ಳಬಹುದು.

ದೊಡ್ಡ ಸುತ್ತು: ಓಂ ಬೀಚಿನಿಂದ ಮುಂದುವರಿದು ಹಾಫ್ ಮೂನ್ – ಪ್ಯಾರಡೈಸ್ – ಬೇಲೆಕಾನ ಊರು – ಅಲ್ಲಿಂದ ರಸ್ತೆಯಲ್ಲಿ ವಾಪಸ್ ಗೋಕರ್ಣ. ಬೇಲೆಕಾನದವರೆಗಿನ ಕಾಲ್ನಡಿಗೆ ಅಂದಾಜು ಎಂಟು ಕಿ.ಮೀ. ನಡುವೆ ಕೂತು, ಊಟ ಮಾಡಿ, ನಿಧಾನ ನಡೆದರೆ ಐದರಿಂದ ಆರು ತಾಸು. ಬೇಲೆಕಾನದಿಂದ ಗೋಕರ್ಣಕ್ಕೆ ಹೆಚ್ಚಿನವರು ಆಟೋ ಮಾಡುತ್ತಾರೆ. ಅದನ್ನೂ ನಡೆದೇ ಮುಗಿಸುವವರಿಗೆ ಪೂರ್ತಿ ದಿನ ಬೇಕು.

ಉತ್ತರದಿಂದ ದಕ್ಷಿಣಕ್ಕೆ ನಡೆಯೋದೇ ಒಳ್ಳೇದು. ಕಾರಣ ಸರಳ. ಅಂಗಡಿ, ನೀರು, ಆಟೋ ಇರೋ ಜಾಗ ಮೊದಲು ಸಿಗುತ್ತದೆ. ಕಾಲು ನೋವು, ತಲೆಸುತ್ತು ಏನೇ ಇದ್ದರೂ ಓಂ ಬೀಚಿಗೆ ಬರುವಷ್ಟರಲ್ಲಿ ಗೊತ್ತಾಗುತ್ತದೆ, ಅಲ್ಲೇ ನಿಲ್ಲಿಸಬಹುದು. ಬೆಳಿಗ್ಗೆ ಸೂರ್ಯ ಎಡಗಡೆ ಗುಡ್ಡದ ಹಿಂದೆ ಇರೋದರಿಂದ ಕೊರಕಲುಗಳಲ್ಲಿ ನೆರಳೂ ಸಿಗುತ್ತದೆ.

ಹಂತ ಹಂತವಾಗಿ ದಾರಿ

*ರಥಬೀದಿಯಿಂದ ಕುಡ್ಲೆ:* ಮಹಾಬಲೇಶ್ವರ ದೇವಸ್ಥಾನದ ಕಡೆಯಿಂದ ಮುಖ್ಯ ಕಡಲತೀರಕ್ಕೆ ಬಂದು, ಎಡಕ್ಕೆ ತಿರುಗಿ ಮರಳಿನ ತುದಿ ಮುಟ್ಟಬೇಕು. ಅಲ್ಲಿಂದ ಗುಡ್ಡ ಹತ್ತಿದರೆ ರಾಮತೀರ್ಥ. ಸಮುದ್ರದ ಪಕ್ಕದಲ್ಲೇ ಸಿಹಿನೀರಿನ ಒರತೆ ಇರುವ ಜಾಗ. ಇದು ತೀರ್ಥದ ಜಾಗ, ಸೋಪು–ಶಾಂಪೂ ಹಾಕುವ ಸ್ಥಳ ಅಲ್ಲ ಅನ್ನೋದನ್ನ ಬಂದವರಿಗೆ ಮೊದಲೇ ಹೇಳಬೇಕು. ಇಲ್ಲಿಂದ ಮೇಲೆ ಕೆಂಪು ಕಲ್ಲಿನ ನೆತ್ತಿ. ಹಿಂದೆ ತಿರುಗಿ ನೋಡಿದರೆ ಇಡೀ ಗೋಕರ್ಣದ ತೆಂಗಿನ ತಲೆಗಳು, ಮುಖ್ಯ ಕಡಲತೀರದ ಉದ್ದಗೆರೆ ಕಾಣುತ್ತದೆ. ನೆತ್ತಿ ದಾಟಿ ಇಳಿದರೆ ಕುಡ್ಲೆ. ಮುಕ್ಕಾಲು ತಾಸಿನ ನಡಿಗೆ.

*ಕುಡ್ಲೆಯಿಂದ ಓಂ:* ಕುಡ್ಲೆಯ ಮರಳನ್ನು ಪೂರ್ತಿ ದಾಟಿ ದಕ್ಷಿಣ ತುದಿಯಲ್ಲಿ ಮತ್ತೆ ಹತ್ತಬೇಕು. ಮೇಲೆ ಬಂದ ಮೇಲೆ ಓಂ ಬೀಚಿನ ರಸ್ತೆ, ಪಾರ್ಕಿಂಗ್ ಸಿಗುತ್ತದೆ. ಎರಡು ಅರ್ಧವೃತ್ತ, ನಡುವೆ ಬಂಡೆಯ ಚಾಚು. ‘ಓಂ’ ಆಕಾರ ಕಾಣೋದು ಮೇಲಿನಿಂದಲೇ, ಮರಳಿಗೆ ಇಳಿದ ಮೇಲೆ ಅಲ್ಲ. ಹಾಗಾಗಿ ಫೋಟೋ ಬೇಕಾದವರು ಮೇಲೆಯೇ ತೆಗೆದುಕೊಂಡು ಮೆಟ್ಟಿಲು ಇಳಿಯಬೇಕು. ಸುಮಾರು ಮುಕ್ಕಾಲು ತಾಸು.

*ಓಂ ಬೀಚ್ – ನಿರ್ಧಾರದ ಜಾಗ:* ಇಡೀ ಸುತ್ತಿನಲ್ಲಿ ಮುಖ್ಯವಾದ ಸ್ಥಳ ಇದು. ವಾಹನ ಬರುವ ರಸ್ತೆ ಇಲ್ಲಿಗೆ ಮುಗಿಯಿತು. ಮುಂದಿನ ರಸ್ತೆ ಸಿಗೋದು ಬೇಲೆಕಾನದಲ್ಲೇ. ಇಲ್ಲಿ ಮೂರು ವಿಷಯ ನೋಡಿಕೊಳ್ಳಬೇಕು. ತಲೆಗೆ ಎರಡು ಲೀಟರ್ ನೀರು ಇದೆಯಾ? ಕಾಲಿಗೆ ಹಿಡಿತ ಇರುವ ಬೂಟು ಅಥವಾ ಸ್ಯಾಂಡಲ್ ಇದೆಯಾ? ಗಂಟೆ ಮಧ್ಯಾಹ್ನ ಎರಡು ದಾಟಿಲ್ಲ ತಾನೆ? ಮೂರರಲ್ಲಿ ಒಂದಕ್ಕೆ ‘ಇಲ್ಲ’ ಅಂತ ಉತ್ತರ ಬಂದರೂ ಸಣ್ಣ ಸುತ್ತಿಗೆ ಮುಗಿಸಿ ವಾಪಸ್ ಹೊರಡೋದೇ ಜಾಣತನ.

*ಓಂನಿಂದ ಹಾಫ್ ಮೂನ್:* ಓಂ ಬೀಚಿನ ದಕ್ಷಿಣ ತುದಿಯಿಂದ ಕಾಲುದಾರಿ ಮೇಲೇರುತ್ತದೆ. ಗುಡ್ಡದ ಬದಿಯಲ್ಲಿ ಕಿರಿದಾದ ದಾರಿ, ಬಲಕ್ಕೆ ಕೆಳಗೆ ಸಮುದ್ರ. ಸಣ್ಣ ಜಲ್ಲಿಯಂಥ ಕೆಂಪು ಕಲ್ಲು ಕಾಲಡಿ ಜಾರುತ್ತದೆ. ಹತ್ತುವಾಗ ಅಲ್ಲ, ಇಳಿಯುವಾಗ ಜಾರೋದು ಹೆಚ್ಚು. ಸೆಲ್ಫಿಗೆ ಅಂಚಿಗೆ ಹೋಗಬಾರದು, ಅಂಚಿನ ಜಂಬಿಟ್ಟಿಗೆ ಕೆಳಗಿನಿಂದ ಟೊಳ್ಳಾಗಿರುತ್ತದೆ. ಅರ್ಧ ತಾಸಿನಲ್ಲಿ ಹಾಫ್ ಮೂನ್. ಪುಟ್ಟ ಬೀಚ್. ಸೀಸನ್‌ನಲ್ಲಿ ಚಾ, ತಿಂಡಿ ಸಿಗಬಹುದು, ಆದರೆ ಅದನ್ನೇ ನಂಬಿ ಹೋಗುವ ಹಾಗಿಲ್ಲ.

*ಹಾಫ್ ಮೂನ್‌ನಿಂದ ಪ್ಯಾರಡೈಸ್:* ದೂರ ಕಡಿಮೆ, ಕಷ್ಟ ಹೆಚ್ಚು. ಇಲ್ಲಿ ಎರಡು ಆಯ್ಕೆ ಕಣ್ಣಿಗೆ ಕಾಣುತ್ತದೆ. ಒಂದು ಗುಡ್ಡ ಹತ್ತಿ ಸುತ್ತಿ ಹೋಗುವ ದಾರಿ. ಇನ್ನೊಂದು ನೀರಂಚಿನ ಬಂಡೆಗಳ ಮೇಲೆ ಹಾರಿಕೊಂಡು ಹೋಗುವ ‘ಶಾರ್ಟ್‌ಕಟ್’. ಎರಡನೆಯದನ್ನು ಮರೆತುಬಿಡಬೇಕು. ಅದು ಯಾಕೆ ಅನ್ನೋದು ಕೆಳಗಿದೆ. ಗುಡ್ಡದ ದಾರಿಯಲ್ಲೂ ಕೆಲವು ಕಡೆ ಕೈಕೊಟ್ಟು ಹತ್ತಬೇಕು, ಒಬ್ಬರೇ ಹೋಗಬಾರದು.

*ಪ್ಯಾರಡೈಸ್‌ನಿಂದ ಬೇಲೆಕಾನ:* ಇಲ್ಲಿಂದ ದಾರಿ ಸಮುದ್ರ ಬಿಟ್ಟು ಒಳಕ್ಕೆ ತಿರುಗುತ್ತದೆ. ಮರಗಳ ನಡುವೆ ಹತ್ತಿ, ಗುಡ್ಡ ದಾಟಿ ಇಳಿದರೆ ಬೇಲೆಕಾನ. ಎದುರಿಗೆ ಅಘನಾಶಿನಿಯ ಅಳಿವೆ, ತದಡಿ ಬಂದರಿನ ಕಡೆಯ ದೋಣಿಗಳು. ಅಣೆಕಟ್ಟು ಇಲ್ಲದೆ ಹರಿದು ಬರುವ ಅಘನಾಶಿನಿಯ ಈ ಅಳಿವೆ ಪ್ರದೇಶಕ್ಕೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ನಡೆದು ಬಂದ ಸುಸ್ತಿಗೆ ಇದಕ್ಕಿಂತ ಒಳ್ಳೆ ನೋಟ ಬೇರೆ ಇಲ್ಲ.

ದಾರಿ ತಪ್ಪಿದರೆ ಗೊತ್ತಾಗೋದು ಹೇಗೆ?

ಈ ಕಾಲುದಾರಿಗಳು ಪ್ರವಾಸಿಗರಿಗೆ ಅಂತ ಆದವಲ್ಲ. ಸೊಪ್ಪು–ದರಕು, ಕಟ್ಟಿಗೆ ತರುವವರು, ದನ ಅಟ್ಟುವವರು ನಡೆದು ನಡೆದು ಆದ ದಾರಿಗಳು. ಹಾಗಾಗಿ ನೆತ್ತಿ ಮೇಲೆ ಕವಲು ಹೆಚ್ಚು. ದನದ ದಾರಿ ಹಿಡಿದರೆ ಗೇರು ಬ್ಯಾಣಕ್ಕೋ ಮುಳ್ಳು ಮಟ್ಟಿಗೋ ಹೋಗಿ ನಿಲ್ಲುತ್ತದೆ.

ನೆನಪಿಡಲು ಸುಲಭದ ಲೆಕ್ಕ: ಗೋಕರ್ಣದಿಂದ ಪ್ಯಾರಡೈಸ್‌ವರೆಗೆ ಸಮುದ್ರ ಯಾವಾಗಲೂ ಬಲಗೈ ಕಡೆ ಇರಬೇಕು. ಹತ್ತು ನಿಮಿಷ ನಡೆದರೂ ಅಲೆಯ ಸದ್ದು ಕೇಳಲಿಲ್ಲ ಅಂದರೆ ದಾರಿ ತಪ್ಪಿದೆ ಅಂತಲೇ ಅರ್ಥ. ಮುಂದೆ ಹೋಗಿ ನೋಡೋಣ ಅನ್ನದೆ ಬಂದ ದಾರಿಯಲ್ಲೇ ಹಿಂದೆ ಬರಬೇಕು. ದಾರಿ ಕಾಣದಿದ್ದರೆ ಸೀದಾ ಕೆಳಕ್ಕೆ ಇಳಿಯುವ ಸಾಹಸ ಬೇಡ. ಕೆಳಗೆ ಬೀಚ್ ಇರುತ್ತದೆ ಅನ್ನುವ ಖಾತ್ರಿ ಇಲ್ಲ, ಧರೆಯೂ ಇರಬಹುದು. ಮೇಲಕ್ಕೆ ಹತ್ತಿದರೆ ನೆತ್ತಿ ಸಿಗುತ್ತದೆ, ನೆತ್ತಿಯಲ್ಲಿ ದಿಕ್ಕು ಕಾಣುತ್ತದೆ. ಕೊರಕಲಿನಲ್ಲಿ ಮೊಬೈಲ್ ಸಿಗ್ನಲ್ ಕೈಕೊಟ್ಟರೂ ಮೇಲೆ ಸಿಗುವ ಸಾಧ್ಯತೆ ಹೆಚ್ಚು. ಹೊರಡುವ ಮೊದಲೇ ಮೊಬೈಲ್‌ಗೆ ನಕ್ಷೆ ಇಳಿಸಿಕೊಂಡರೆ ಇನ್ನೂ ಒಳ್ಳೇದು.

ಬಂಡೆ ದಾರಿ ಯಾಕೆ ಬೇಡ?

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ಹತ್ತು ಗಂಟೆಗೆ ದಾಟಿದ ಬಂಡೆ ಇವತ್ತು ಅದೇ ಹತ್ತು ಗಂಟೆಗೆ ಹಾಗೇ ಇರೋದಿಲ್ಲ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ನೀರು ಇನ್ನೂ ಮೇಲೆ ಬರುತ್ತದೆ. ಹೋಗುವಾಗ ಒಣಗಿದ್ದ ಬಂಡೆ, ಫೋಟೋ ತೆಗೆದು ತಿರುಗಿ ಬರುವಷ್ಟರಲ್ಲಿ ನೀರಿನ ಕೆಳಗೆ. ಹಿಂದೆ ಬರಲು ದಾರಿ ಇಲ್ಲ, ಮೇಲೆ ಹತ್ತಲು ಧರೆ ಬಿಡೋದಿಲ್ಲ.

ಇನ್ನೊಂದು, ಅಲೆ ಎಲ್ಲವೂ ಒಂದೇ ಎತ್ತರಕ್ಕೆ ಬರೋದಿಲ್ಲ. ಹತ್ತಾರು ಸಣ್ಣ ಅಲೆ ಬಂದ ಮೇಲೆ ಒಂದು ದೊಡ್ಡದು ಬರುತ್ತದೆ. ಬಂಡೆ ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿದ್ದರೆ ಅಲ್ಲಿಯವರೆಗೆ ನೀರು ಬರುತ್ತದೆ ಅಂತಲೇ ತಿಳಿಯಬೇಕು. ಪಾಚಿ ಹಿಡಿದ ಬಂಡೆ ಮೇಲೆ ಎಂಥ ಬೂಟೂ ನಿಲ್ಲೋದಿಲ್ಲ.

ಬೆವರಿ ಬಂದವರಿಗೆ ನೀರು ಕಂಡ ತಕ್ಷಣ ಇಳಿಯುವ ಆಸೆ. ಬಂಡೆಗಳ ನಡುವಿನ ಸಣ್ಣ ಬೀಚುಗಳಲ್ಲಿ ಅಲೆಯಾಗಿ ಬಂದ ನೀರು ಒಂದು ಕಡೆ ಸೇರಿ ಜೋರಾಗಿ ಸಮುದ್ರಕ್ಕೆ ವಾಪಸ್ ಹರಿಯುತ್ತದೆ. ಇದೇ ಸೆಳೆತ. ಅಲೆ ಏಳದೆ ಶಾಂತವಾಗಿ ಕಾಣುವ ಪಟ್ಟಿಯೇ ಸೆಳೆತದ ಜಾಗ ಆಗಿರಬಹುದು. ಸಿಕ್ಕಿಬಿದ್ದರೆ ದಡದ ಕಡೆಗೆ ನೇರ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು. ಈಜು ಬಾರದಿದ್ದರೆ ತೇಲಿಕೊಂಡು ಕೈ ಎತ್ತಿ ಕೂಗಬೇಕು. ಗೋಕರ್ಣದ ಕಡಲತೀರಗಳಲ್ಲಿ ಪ್ರವಾಸಿಗರು ನೀರುಪಾಲಾದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಜೀವರಕ್ಷಕ ಸಿಬ್ಬಂದಿ ಇಲ್ಲದ ಕಡೆ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯೋದೇ ಬೇಡ.

ಯಾವ ತಿಂಗಳು ಸರಿ?

ನವೆಂಬರ್‌ನಿಂದ ಫೆಬ್ರವರಿ ಎಲ್ಲಕ್ಕಿಂತ ಒಳ್ಳೇದು. ಆದರೆ ಡಿಸೆಂಬರ್ ಮೊದಲ ವಾರದಲ್ಲಿ ಸೂರ್ಯ ಸಂಜೆ ಆರರ ಆಸುಪಾಸಿಗೇ ಮುಳುಗುತ್ತಾನೆ ಅನ್ನೋದು ನೆನಪಿರಲಿ. ಮುಳುಗಿದ ಅರ್ಧ ತಾಸಿಗೆ ಕೊರಕಲಿನಲ್ಲಿ ಕಾಲಡಿ ಕಾಣೋದಿಲ್ಲ. ಸನ್‌ಸೆಟ್ ನೋಡಬೇಕು ಅನ್ನುವವರಿಗೆ ಕುಡ್ಲೆ ಅಥವಾ ಓಂ ಸಾಕು.

ಮಾರ್ಚ್‌ನಿಂದ ಮೇ ತನಕ ಸೆಕೆ. ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೊಂದರ ಒಳಗೆ ಮುಗಿಸುವವರು ಮಾತ್ರ ಹೋಗಬಹುದು. ನೆತ್ತಿಯ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು ಸಾಕು, ಇಡೀ ಗುಡ್ಡಕ್ಕೆ ಬೆಂಕಿ.

ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ನಮ್ಮ ಕರಾವಳಿಗೆ ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ, ಅದರಲ್ಲಿ ದೊಡ್ಡ ಪಾಲು ಈ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಆಗ ಗುಡ್ಡ ಹಸಿರಾಗಿ ಚಂದ ಕಾಣುತ್ತದೆ, ನಿಜ. ಆದರೆ ಕೊರಕಲಿನಲ್ಲಿ ಹಳ್ಳ ಕ್ಷಣದಲ್ಲಿ ಏರುತ್ತದೆ, ಧರೆ ಕುಸಿಯುತ್ತದೆ. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿದ್ದದ್ದನ್ನು ಜಿಲ್ಲೆ ಮರೆತಿಲ್ಲ. ನೀರು ಕುಡಿದ ಗುಡ್ಡ ಯಾವಾಗ ಜಾರುತ್ತದೆ ಅಂತ ಹೇಳಲು ಬರೋದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರೋದರಿಂದ ಸಮುದ್ರದ ಕಡೆಯಿಂದ ಸಹಾಯಕ್ಕೆ ಬರಲು ದೋಣಿಗಳೂ ಕಡಿಮೆ. ಮೀನುಗಾರರೇ ಇಳಿಯದ ಸಮುದ್ರದ ಅಂಚಿಗೆ ಪ್ರವಾಸಿ ಯಾಕೆ ಹೋಗಬೇಕು?

ಮಹಾಶಿವರಾತ್ರಿ ದಿನಗಳಲ್ಲಿ ರಥಬೀದಿ, ಮುಖ್ಯ ಕಡಲತೀರ ಎರಡೂ ಜನರಿಂದ ತುಂಬಿರುತ್ತದೆ. ಚಾರಣಕ್ಕೆ ಅಂತ ಬರುವವರು ಆ ವಾರ ಬಿಟ್ಟು ಬರೋದು ಎಲ್ಲರಿಗೂ ಅನುಕೂಲ.

ಏನೇನು ಹಿಡಿದುಕೊಳ್ಳಬೇಕು?

• ತಲೆಗೆ ಕನಿಷ್ಠ ಎರಡು ಲೀಟರ್ ನೀರು. ಓಂ ದಾಟಿದ ಮೇಲೆ ಕುಡಿಯುವ ನೀರಿನ ಭರವಸೆ ಇಲ್ಲ.
• ಬಾಳೆಹಣ್ಣು, ಶೇಂಗಾ ಚಿಕ್ಕಿ, ಸ್ವಲ್ಪ ಉಪ್ಪು–ಸಕ್ಕರೆ ಅಥವಾ ಓಆರ್‌ಎಸ್ ಪೊಟ್ಟಣ.
• ಟೋಪಿ, ಟಾರ್ಚ್, ಪೂರ್ತಿ ಚಾರ್ಜ್ ಇರುವ ಮೊಬೈಲ್.
• ಕಾಲು ಮುಚ್ಚುವ ಬೂಟು. ಜಂಬಿಟ್ಟಿಗೆ ಸಂದಿಗಳಲ್ಲಿ ಹಾವು ಇರುತ್ತವೆ, ಕೈ ಹಾಕುವ ಮೊದಲು ನೋಡಬೇಕು.
• ಕಸ ವಾಪಸ್ ತರಲು ಒಂದು ಚೀಲ. ಹಾಫ್ ಮೂನ್, ಪ್ಯಾರಡೈಸ್‌ಗೆ ಕಸದ ಗಾಡಿ ಹೋಗೋದಿಲ್ಲ. ಅಲ್ಲಿ ಬಿಟ್ಟ ಬಾಟಲಿ ಮೊದಲ ಮಳೆಗೆ ಸಮುದ್ರ ಸೇರಿ, ಮೀನು ಬಲೆಗೆ ಬರುತ್ತದೆ.

ಬರೋದು ಹೇಗೆ, ಯಾರಿಗೆ ಕರೆ ಮಾಡಬೇಕು?

ಕುಮಟಾ, ಅಂಕೋಲಾ ಎರಡೂ ಕಡೆಯಿಂದ ಗೋಕರ್ಣಕ್ಕೆ ಬಸ್ ಇದೆ. ಹೆದ್ದಾರಿ 66ರಲ್ಲಿ ಬರುವವರು ಮಾದನಗೇರಿ ಕ್ರಾಸ್‌ನಲ್ಲಿ ತಿರುಗಬೇಕು. ಕೊಂಕಣ ರೈಲಿನಲ್ಲಿ ಬಂದರೆ ಗೋಕರ್ಣ ರೋಡ್ ನಿಲ್ದಾಣ. ಅಲ್ಲಿಂದ ಊರಿಗೆ ನಡೆಯುವಷ್ಟು ಹತ್ತಿರ ಇಲ್ಲ, ಆಟೋ ಮಾಡಬೇಕು.

ತುರ್ತು ಸಂದರ್ಭಕ್ಕೆ 112, ಆಂಬುಲೆನ್ಸ್‌ಗೆ 108, ಕರಾವಳಿ ಕಾವಲು ಪೊಲೀಸರಿಗೆ 1093. ಕರೆ ಮಾಡುವಾಗ ‘ಗೋಕರ್ಣ ಬೀಚ್’ ಅಂದರೆ ಸಾಲದು. ‘ಹಾಫ್ ಮೂನ್ ದಾಟಿ, ಪ್ಯಾರಡೈಸ್‌ಗೆ ಮುಂಚೆ, ಗುಡ್ಡದ ಮೇಲೆ’ ಅಂತ ಎರಡು ಬೀಚಿನ ಹೆಸರು ಹಿಡಿದು ಹೇಳಬೇಕು. ಸಹಾಯಕ್ಕೆ ಬರುವವರು ನಡೆದು ಬರಬೇಕಾ, ದೋಣಿಯಲ್ಲಿ ಬರಬೇಕಾ ಅನ್ನೋದು ಇದರ ಮೇಲೇ ತೀರ್ಮಾನ ಆಗೋದು.

ಅಂಗಡಿಯವರು, ಆಟೋದವರು ಹೇಳಬೇಕಾದ್ದು

ಓಂ ದಾಟಿದ ಮೇಲೆ ದಾರಿ ಕೇಳಲು ಮನುಷ್ಯರು ಸಿಗೋದೇ ಅಪರೂಪ. ನೀರಿನ ಬಾಟಲಿ ಕೊಡುವವರು, ಆಟೋ ಬಿಡುವವರು, ರೂಮಿನ ಕೀ ಕೊಡುವವರು ಹೇಳಿದ್ದೇ ಅವರಿಗೆ ಕೊನೆಯ ಮಾಹಿತಿ. ಹಾಗಾಗಿ ನಾಲ್ಕು ಮಾತು ಹೇಳಿದರೆ ಸಾಕು:

1. ‘ಪ್ಯಾರಡೈಸ್ ಹತ್ತು ನಿಮಿಷ ಅಲ್ಲ. ಓಂ ಬೀಚಿನಿಂದಲೇ ಒಂದೂವರೆ ತಾಸು.’
2. ‘ಎರಡು ಗಂಟೆ ಮೇಲೆ ಓಂ ದಾಟಬೇಡಿ. ನಾಳೆ ಬೆಳಿಗ್ಗೆ ಹೋಗಿ.’
3. ‘ಬಂಡೆ ಮೇಲೆ ಬೇಡ, ಗುಡ್ಡದ ದಾರೀಲೇ ಹೋಗಿ.’
4. ‘ಬೇಲೆಕಾನಕ್ಕೆ ಎಷ್ಟೊತ್ತಿಗೆ ಬರ್ತೀರಿ? ಆಟೋ ಈಗಲೇ ಹೇಳಿಟ್ಟುಕೊಳ್ಳಿ.’

ನಾಲ್ಕನೇ ಮಾತಿನಲ್ಲಿ ವ್ಯಾಪಾರವೂ ಇದೆ, ಜೀವವೂ ಇದೆ. ಆಟೋ ಹೇಳಿಟ್ಟ ಗುಂಪು ಹೊತ್ತಿಗೆ ಬರದಿದ್ದರೆ ಕಾಯುತ್ತಿರುವ ಚಾಲಕನಿಗೆ ಗೊತ್ತಾಗುತ್ತದೆ, ಅವನು ಫೋನ್ ಮಾಡುತ್ತಾನೆ. ಯಾರಿಗೂ ಹೇಳದೆ ಹೋದವರು ಬರಲಿಲ್ಲ ಅನ್ನೋದು ಗೊತ್ತಾಗೋದು ಮರುದಿನ ರೂಮು ಖಾಲಿ ಮಾಡುವ ಹೊತ್ತಿಗೆ.

ನಾಳೆ ಹೋಗಿ ಅಂದರೆ ಗಿರಾಕಿ ತಪ್ಪಿಹೋಗುವುದಿಲ್ಲ. ಒಂದು ರಾತ್ರಿ ಇಲ್ಲೇ ಉಳಿಯುತ್ತಾರೆ, ಬೆಳಿಗ್ಗೆ ತಿಂಡಿ ಇಲ್ಲೇ ತಿಂದು, ನೀರು ಇಲ್ಲೇ ಕೊಂಡು ಹೊರಡುತ್ತಾರೆ. ಸುತ್ತು ಮುಗಿಸಿ ಮಧ್ಯಾಹ್ನದ ಊಟಕ್ಕೆ ಮತ್ತೆ ರಥಬೀದಿಗೇ ಬರುತ್ತಾರೆ.